ಗಾಯಕರಲ್ಲಿ ಶ್ರೇಷ್ಠರಾರು?

ಗಾಯಕರಲ್ಲಿ ಶ್ರೇಷ್ಠರಾರೆಂಬ ಚರ್ಚೆಯು ನಾಲ್ವರು ರಸಿಕರು ಸೇರಿದೆಡೆಯಲ್ಲೆಲ್ಲ ಹುಟ್ಟುವುದುಂಟು. ಒಬ್ಬರು ಭೀಮಸೇನ ಜೋಶಿಯವರ ಖಯಾಲನ್ನು ಮುಂದಿಟ್ಟರೆ, ಮತ್ತೊಬ್ಬರು ಎಂ. ಎಸ್. ಸುಬ್ಬುಲಕ್ಷ್ಮಿಯವರ ಕೃತಿಗಾಯನವನ್ನೂ, ಕರಾವಳಿಯವರು ತಮ್ಮ ಯಕ್ಷಗಾನದ ಭಾಗವತರನ್ನೂ ಎತ್ತಿ ಹಿಡಿಯುವರು. ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರ ಗುಣದೋಷಗಳನ್ನು ಎಣಿಸಿರುವನು. ಕಣ್ಮುಚ್ಚಿ ಹಾಡುವವನಿಗೆ ಅಲ್ಲಿ ‘ನಿಮೀಲಕ’ನೆಂದು ಹೆಸರು; ಅವನು ದೋಷಯುಕ್ತರ ಸಾಲಿನವನು. ಈ ಲಕ್ಷಣವನ್ನೇ ಹಿಡಿದು ಹೊರಟರೆ, ಕಣ್ಮುಚ್ಚಿ ಸ್ವರದಲ್ಲಿ ಮುಳುಗುತ್ತಿದ್ದ ಜೋಶಿಯವರೂ (1922–2011) ದೋಷಿಗಳಾಗಬೇಕು! ಅವರ ಆಲಾಪವನ್ನು ಕೇಳಿದವರಾರೂ ಹಾಗೆನ್ನರು. ಆದರೆ ಭಾಗವತರ ಮಾತು ಬೇರೆ. ವೇಷಧಾರಿಯ ಹೆಜ್ಜೆಯನ್ನೂ ಅಭಿನಯವನ್ನೂ ನೋಡುತ್ತ ಆಟವನ್ನು ನಡೆಸಬೇಕಾದ ಅವರು ಕಣ್ಮುಚ್ಚಿ ಕುಳಿತರೆ ರಂಗವೇ ಕೆಡುವುದು. ಒಂದೆಡೆ ತನ್ಮಯತೆಯೆನಿಸುವುದು ಇನ್ನೊಂದೆಡೆ ಕರ್ತವ್ಯಲೋಪ.

ಹಾಗೆಂದು ಎಲ್ಲರೂ ಸಮಾನರೆನ್ನುವುದೂ ಸಲ್ಲದು. ಅದು ಸಾಧನೆಗೆ ಮಾಡುವ ಅಪಚಾರ. ಶ್ರುತಿ ತಪ್ಪಿದವನು ಎಲ್ಲಿಯೂ ಶ್ರುತಿ ತಪ್ಪಿದವನೇ. ಆಯಾ ಪದ್ಧತಿಯು ತನ್ನ ಗಾಯಕನಿಂದ ಏನನ್ನು ಬೇಡುವುದೆಂಬುದನ್ನು ಮೊದಲು ಅರಿತು, ಅದರೊಳಗೆ ತಾರತಮ್ಯವನ್ನು ಎಣಿಸುವುದೇ ವಿವೇಕ. ಅರಿಯದೆ ತೀರ್ಪು ಕೊಡುವವನು ಹೊಗಳುವುದು ಗಾಯಕನನ್ನಲ್ಲ, ತನ್ನ ಕಿವಿಯ ಅಭ್ಯಾಸವನ್ನು.

ನಾನೂ ಬಹುಕಾಲ ಬಯಲಾಟದ ಪದಗಳನ್ನು ಕೂಗಾಟವೆಂದು ಕಡೆಗಣಿಸಿದ್ದವನೇ. ಒಂದು ರಾತ್ರಿ ಬೆಳಗಾಗುವವರೆಗೆ ಕುಳಿತು ಕೇಳಿದ ಬಳಿಕ, ಅಷ್ಟು ವರ್ಷಗಳ ನಷ್ಟವು ಭಾಗವತರದಾಗಿರದೆ ನನ್ನದೇ ಆಗಿತ್ತೆಂದು ತಿಳಿಯಿತು.