ಆರ್ತನನ್ನು ಅರಿಯುವುದೇ ಮೊದಲ ದಾಸೋಹ

ದಾಸೋಹವೆಂಬ ಶಬ್ದವನ್ನು ಅನ್ನದಾನಕ್ಕೆ ಮಾತ್ರ ಸಲ್ಲಿಸಿ ಅರ್ಥಮಾಡುವ ವಾಡಿಕೆ ಲೋಕದಲ್ಲಿ ಬೆಳೆದುಬಂದಿದೆ. ಬಾಗಿಲಿಗೆ ಬಂದ ಹಸಿದವನಿಗೆ ಉಣಬಡಿಸುವುದು ಪವಿತ್ರವಾದ ಕಾರ್ಯವೇ ಸರಿ. ಆದರೆ ಶರಣರ ದೃಷ್ಟಿಯಲ್ಲಿ ದಾಸೋಹದ ವ್ಯಾಪ್ತಿ ಇನ್ನೂ ಹಿರಿದು. ಎದುರಿಗಿರುವವನಲ್ಲಿ ಶಿವನನ್ನು ಕಂಡು, ಅವನಿಗೆ ಬೇಕಾದುದನ್ನು ಅವನು ಕೇಳುವ ಮೊದಲೇ ಅರಿತು, ಕೊಡುವವನೆಂಬ ಅಹಂಭಾವವನ್ನಳಿದು ಸಲ್ಲಿಸುವುದೇ ಅದರ ಜೀವಾಳ. ಹಸಿದವನು ಬಾಯಿಬಿಟ್ಟು ಅನ್ನವನ್ನು ಕೇಳಬಲ್ಲನು. ಆಸ್ಪತ್ರೆಯ ಮಂಚದ ಮೇಲೆ ಮಲಗಿ, ವಾಸಿಯಾಗದ ವ್ಯಾಧಿಯಿಂದ ದಿನದಿನಕ್ಕೆ ಕುಗ್ಗುತ್ತಿರುವವನಾದರೋ ಏನನ್ನು ಕೇಳಬೇಕೆಂಬುದನ್ನೇ ಅರಿಯನು. ಅವನನ್ನು ಗುರುತಿಸುವ ಭಾರವು ಸುತ್ತಲಿರುವವರ ಮೇಲೆ ಬೀಳುತ್ತದೆ.

ಪೂರ್ವದ ವೈದ್ಯಶಾಸ್ತ್ರಕಾರರು ವ್ಯಾಧಿಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿದ್ದರು. ಬೇರುಸಹಿತ ಹೋಗದಿದ್ದರೂ ತಕ್ಕ ಆರೈಕೆಯಿಂದ ತಡೆದು ನಿಲ್ಲಿಸಬಹುದಾದುದು ಯಾಪ್ಯ. ಬೀಳಲಿರುವ ಮನೆಗೆ ಚೆನ್ನಾಗಿ ನಿಲ್ಲಿಸಿದ ಆಸರೆಗಂಬದ ಉಪಮೆಯನ್ನು ಸುಶ್ರುತಸಂಹಿತೆಯು ಇದಕ್ಕೆ ಕೊಡುತ್ತದೆ. ಇಂದಿನ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಎಂದು ಕರೆಯಲ್ಪಡುವ ಉಪಶಾಮಕ ಆರೈಕೆಯೂ ಇಂಥದೇ ಆಸರೆಗಂಬ. ಇದು ರೋಗವನ್ನು ಅಳಿಸುವೆನೆಂದು ಹೇಳುವುದಿಲ್ಲ. ರೋಗಿಯ ನೋವು, ಉಬ್ಬಸ, ವಾಕರಿಕೆ, ನಿದ್ರಾಹೀನತೆ, ಭಯಗಳನ್ನು ಶಮನಗೊಳಿಸಿ, ಅವನ ಮನೆಯವರಿಗೂ ಬಲ ತುಂಬುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಸಂಸ್ಥೆಯನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ಈ ಮಾರ್ಗಕ್ಕೆ ಆಧುನಿಕ ರೂಪವನ್ನು ಕೊಟ್ಟಳು. ಮರಣಾಸನ್ನರ ನೋವಿಗೆ ದೇಹ, ಮನಸ್ಸು, ಸಂಸಾರ, ಆತ್ಮ ಎಂಬ ನಾಲ್ಕು ಮುಖಗಳಿವೆಯೆಂದೂ, ಒಂದನ್ನು ಕಂಡು ಉಳಿದವನ್ನು ಬಿಟ್ಟರೆ ನೋವು ನೀಗದೆಂದೂ ಆಕೆ ಬೋಧಿಸಿದಳು. ಅಂಗವನ್ನೂ ಮನವನ್ನೂ ಭಾವವನ್ನೂ ಬೇರ್ಪಡಿಸದೆ ನೋಡುವ ಶರಣಮಾರ್ಗಕ್ಕೆ ಈ ಮಾತು ಹೊರಗಿನದಾಗಿ ತೋರದು.

ಪ್ರತಿವರ್ಷವೂ ಜಗತ್ತಿನಲ್ಲಿ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಇಂಥ ಆರೈಕೆಯ ಅಗತ್ಯವಿದೆಯೆಂದೂ, ಅಗತ್ಯವುಳ್ಳ 100 ಮಂದಿಯಲ್ಲಿ ಸುಮಾರು 14 ಮಂದಿಗೆ ಮಾತ್ರ ಅದು ದೊರೆಯುತ್ತಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಔಷಧದ ಅಭಾವ, ಕಲಿತ ವೈದ್ಯರ ಅಭಾವ ಇದಕ್ಕೆ ಕಾರಣಗಳು. ಇನ್ನೊಂದು ಕಾರಣವೂ ಉಂಟು: ಬೇಕಾದವನನ್ನು ಬೇಕಾದ ಕಾಲದಲ್ಲಿ ಯಾರೂ ಗುರುತಿಸಲಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಅನುಭವಿಗಳಾದ ವೈದ್ಯರು ತಮಗೆ ತಾವೇ ಹಾಕಿಕೊಳ್ಳುವ ಪ್ರಶ್ನೆಯೊಂದಿದೆ: "ಈ ರೋಗಿಯು ಬರುವ 12 ತಿಂಗಳೊಳಗೆ ತೀರಿಕೊಂಡರೆ ಆಶ್ಚರ್ಯವಾದೀತೇ?" ಆಶ್ಚರ್ಯವಾಗದು ಎಂದು ಅಂತರಂಗವು ನುಡಿದರೆ, ಆ ರೋಗಿಯ ಬಳಿ ಕುಳಿತು ವಿಚಾರಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಇದು ಭವಿಷ್ಯವಾಣಿಯಲ್ಲ. ಈ ಪ್ರಶ್ನೆಗೆ ವೈದ್ಯರು ಕೊಟ್ಟುಕೊಂಡ ಉತ್ತರವು ತಪ್ಪುವುದೂ ಉಂಟು. ಕ್ಯಾನ್ಸರ್ ಅಲ್ಲದ ವ್ಯಾಧಿಗಳಲ್ಲಿ ಹೆಚ್ಚಾಗಿ ತಪ್ಪುತ್ತದೆ. ಆಯುಸ್ಸಿನ ಅಳತೆಯನ್ನು ಬಲ್ಲವನು ಶಿವನೊಬ್ಬನೇ. ಎಚ್ಚರಿಸುವ ಗಂಟೆಯಷ್ಟೇ ಈ ಪ್ರಶ್ನೆ.

ಆದುದರಿಂದಲೇ ಆಯುಸ್ಸಿನ ಲೆಕ್ಕವನ್ನು ಬದಿಗಿಟ್ಟು, ಕಣ್ಣಿಗೆ ಕಾಣುವ ಲಕ್ಷಣಗಳನ್ನೇ ಆಧಾರಮಾಡಿಕೊಂಡ ಪಟ್ಟಿಯೊಂದು 2010ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡಿತು. ಸ್ಪಿಕ್ಟ್ ಎಂಬ ಹೆಸರಿನ ಆ ಪಟ್ಟಿಯು ಕೇಳುವ ಸಂಗತಿಗಳು ಯಾವ ಗೃಹಿಣಿಗೂ ತಿಳಿಯುವಂಥವು. ರೋಗಿಯನ್ನು ಮೇಲಿಂದ ಮೇಲೆ, ಅನಿರೀಕ್ಷಿತವಾಗಿ, ಆಸ್ಪತ್ರೆಗೆ ಸೇರಿಸಬೇಕಾಗಿದೆಯೇ? ಮೊದಲು ತಾನೇ ಮಾಡಿಕೊಳ್ಳುತ್ತಿದ್ದ ಸ್ನಾನ, ಊಟ, ಓಡಾಟಗಳಿಗೆ ಈಗ ಪರರ ಕೈ ಬೇಕಾಗಿದೆಯೇ? ಹಗಲಿನ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲಿಯೋ ಕುರ್ಚಿಯಲ್ಲಿಯೋ ಕಳೆಯುತ್ತಿದೆಯೇ? ಕೆಲವು ತಿಂಗಳುಗಳಿಂದ ಮೈತೂಕ ಇಳಿಯುತ್ತಿದೆಯೇ? ತಕ್ಕ ಚಿಕಿತ್ಸೆ ನಡೆದಿದ್ದರೂ ನೋವು ಉಬ್ಬಸಗಳು ಬಿಡದೆ ಕಾಡುತ್ತಿವೆಯೇ? ಶುಶ್ರೂಷೆ ಮಾಡುವವರೇ ಸೋತು ಸುಣ್ಣವಾಗಿದ್ದಾರೆಯೇ? ಇಂಥ ಲಕ್ಷಣಗಳು ಕಂಡುಬಂದಾಗ ರೋಗದ ಹೆಸರು ಯಾವುದಾದರೂ ಆಗಿರಲಿ, ವೈದ್ಯರ ಮುಂದೆ ಈ ಮಾತನ್ನು ಎತ್ತತಕ್ಕದ್ದು.

ಉಪಶಾಮಕ ಆರೈಕೆಯು ಕ್ಯಾನ್ಸರಿಗೆ ಮಾತ್ರವೆಂಬ ಭಾವನೆ ಬಲವಾಗಿ ಬೇರೂರಿದೆ, ಅದು ಸರಿಯಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಹೃದ್ರೋಗಿ, ಮನೆಯಲ್ಲಿಯೂ ಆಮ್ಲಜನಕವನ್ನು ಅವಲಂಬಿಸಿದ ಶ್ವಾಸಕೋಶದ ರೋಗಿ, ಡಯಾಲಿಸಿಸ್ ಇನ್ನು ಒಗ್ಗದೆಂದಾದ ಮೂತ್ರಪಿಂಡದ ರೋಗಿ, ಹೊಟ್ಟೆಯಲ್ಲಿ ನೀರು ತುಂಬಿ ಸೊರಗಿದ ಯಕೃತ್ತಿನ ರೋಗಿ, ಇವರೆಲ್ಲರಿಗೂ ಅದು ಸಲ್ಲುತ್ತದೆ. ಮರೆವಿನ ಕಾಯಿಲೆಯಿಂದ ಮಾತೇ ಅಡಗಿಹೋದ ಮುದುಕಿಯನ್ನಂತೂ ವಿಶೇಷವಾಗಿ ನೆನೆಯಬೇಕು. ನೋವಾಗುತ್ತಿದೆಯೆಂದು ಆಕೆ ಹೇಳಲಾರಳು. ಹುಬ್ಬು ಗಂಟಿಕ್ಕುವುದು, ಮಗ್ಗುಲು ಬದಲಿಸುವಾಗ ನರಳುವುದು, ತುತ್ತನ್ನು ಒಲ್ಲೆನೆಂದು ಮುಖ ತಿರುಗಿಸುವುದು, ಇವೇ ಆಕೆಯ ಭಾಷೆ. ಆ ಭಾಷೆಯನ್ನು ಓದಬಲ್ಲವಳು ದಿನವೂ ಬಳಿಯಿರುವ ಸೊಸೆಯೋ ಮಗಳೋ ಆಗಿರುತ್ತಾಳೆ. ಕ್ಷಣಮಾತ್ರ ಬಂದುಹೋಗುವ ವೈದ್ಯರಿಗೆ ಅವಳು ತಿಳಿಸದಿದ್ದರೆ ತಿಳಿಸುವವರಿಲ್ಲ.

ಇಲ್ಲೊಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ಹಿರಿಯನೊಬ್ಬನ ಹೃದಯವು ಬಲಗುಂದಿದೆ. ಒಂದೇ ವರ್ಷದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿದ್ದಾನೆ. ಪ್ರತಿಸಲವೂ ಮೈಯ ನೀರಿಳಿಸಿ ಮನೆಗೆ ಕಳುಹಿಸುತ್ತಾರೆ. ತಿಂಗಳೆರಡು ಕಳೆಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ. ಮೂರನೆಯ ಸಲ ವೈದ್ಯನು ಮಂಚದ ಬಳಿ ಕುರ್ಚಿಯೆಳೆದು ಕುಳಿತು ಕೇಳುತ್ತಾನೆ: "ಯಜಮಾನರೇ, ಈಗ ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುತ್ತಿರುವುದು ಯಾವುದು?" ಹಿರಿಯನು ತಡೆದು ತಡೆದು ಹೇಳುತ್ತಾನೆ: "ಮೂರು ತಿಂಗಳಿಂದ ನೆಟ್ಟಗೆ ಕುಳಿತು ಲಿಂಗಪೂಜೆ ಮಾಡಿಲ್ಲ, ಡಾಕ್ಟರೇ. ಕುಳಿತರೆ ಉಸಿರು ಕಟ್ಟುತ್ತದೆ. ಇವಳು ರಾತ್ರಿಯೆಲ್ಲ ನಿದ್ದೆಗೆಟ್ಟು ನನ್ನನ್ನೇ ನೋಡುತ್ತಾ ಕೂರುತ್ತಾಳೆ. ಹೋಗುವುದಾದರೆ ಮನೆಯಲ್ಲಿ ಹೋಗಬೇಕೆಂದಿದೆ. ಮಗನಿಗೆ ಹೇಳಲು ಬಾಯಿ ಬರುವುದಿಲ್ಲ." ಬಾಗಿಲಲ್ಲಿ ನಿಂತಿದ್ದ ಮಗನು ಒಳಗೆ ಬಂದು, "ಅಪ್ಪಾ, ಇದನ್ನು ಮೊದಲೇ ಹೇಳಬಾರದಿತ್ತೇ?" ಎನ್ನುತ್ತಾನೆ. ತಂದೆಯು, "ನೀನು ಕೇಳಲಿಲ್ಲವಲ್ಲಪ್ಪಾ" ಎನ್ನುತ್ತಾನೆ.

ದೇಹ, ಮನಸ್ಸು, ಸಂಸಾರ, ಆತ್ಮ ಎಂಬ ನಾಲ್ಕು ನೋವುಗಳೂ ಆ ಒಂದು ಉತ್ತರದಲ್ಲಿ ಅಡಗಿದ್ದವು. ಹೃದಯದ ಔಷಧಗಳು ಮೊದಲಿನಂತೆಯೇ ನಡೆಯುತ್ತವೆ. ಅವುಗಳೊಡನೆ ಉಬ್ಬಸಕ್ಕೆ ವೈದ್ಯರು ಅಳೆದು ಕೊಟ್ಟ ಅಲ್ಪಪ್ರಮಾಣದ ಮದ್ದು, ಮುಖಕ್ಕೆ ಗಾಳಿ ತಾಗುವಂತೆ ಪುಟ್ಟದೊಂದು ಫ್ಯಾನು, ಬೆನ್ನಿಗೆ ದಿಂಬುಗಳ ಆಸರೆ, ಮನೆಗೆ ಬಂದು ನೋಡುವ ದಾದಿ, ಮಡದಿಗೆ ರಾತ್ರಿಯಲ್ಲಿ ವಿಶ್ರಾಂತಿ ಸಿಗುವಂತೆ ಸರದಿಯ ಏರ್ಪಾಡು. ಹೃದಯವು ವಾಸಿಯಾಗಲಿಲ್ಲ. ಬೆಳಗಿನ ಪೂಜೆ ಮಾತ್ರ ಮರಳಿ ಬಂದಿತು. ಅದನ್ನು ಅಲ್ಪವೆಂದು ಹೇಳಬಲ್ಲವರಾರು?

ಈ ಆರೈಕೆಗೆ ಒಪ್ಪುವುದೆಂದರೆ ಆಸೆಯನ್ನು ಕೈಬಿಡುವುದೆಂದು ಅನೇಕರು ಅಂಜುತ್ತಾರೆ. 2010ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನವು ಈ ಅಂಜಿಕೆಗೆ ಉತ್ತರವಾಗಿದೆ. ಶ್ವಾಸಕೋಶದ ಕ್ಯಾನ್ಸರು ಹರಡಿದ್ದ 151 ರೋಗಿಗಳಲ್ಲಿ ಕೆಲವರಿಗೆ ರೂಢಿಯ ಚಿಕಿತ್ಸೆಯೊಡನೆ ಮೊದಲಿನಿಂದಲೇ ಉಪಶಾಮಕ ಆರೈಕೆಯನ್ನೂ ಕೊಡಲಾಯಿತು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ಹೆಚ್ಚು ನೆಮ್ಮದಿಯಿಂದ ಕಳೆದವು. ಬದುಕಿದ ಕಾಲದ ಮಧ್ಯಾಂಕವೂ ಇತರರಲ್ಲಿ 8.9 ತಿಂಗಳಿದ್ದರೆ ಇವರಲ್ಲಿ 11.6 ತಿಂಗಳಿತ್ತು. ಎಲ್ಲ ರೋಗಗಳಲ್ಲಿಯೂ ಆಯುಸ್ಸು ಹೀಗೆ ಬೆಳೆಯುವುದೆಂದು ಹೇಳಲಾಗದು. ಆದರೆ ನೋವನ್ನು ನೀಗುವುದರಿಂದ ಆಯುಸ್ಸು ಕುಂದುವುದೆಂಬ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಮಾರ್ಫಿನ್ ಎಂಬ ಹೆಸರನ್ನು ಕೇಳಿ ವ್ಯಸನವಾದೀತೆಂದು ಬೆಚ್ಚುವವರೂ ಉಂಟು. ತೀವ್ರವಾದ ನೋವಿಗೆ ವೈದ್ಯರು ಅಳತೆಯರಿತು ಕೊಡುವ ಮದ್ದು ಅದು. ಮಲಬದ್ಧತೆಯಂಥ ತೊಂದರೆಗಳಿಗೂ ಅವರಲ್ಲಿ ಉಪಾಯವಿದೆ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳಿಗೆ ಅದು ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು.

ನೋವು ಪೂರ್ವಕರ್ಮದ ಫಲ, ಅನುಭವಿಸಿಯೇ ತೀರಬೇಕು ಎನ್ನುವವರಿಗೆ ಒಂದೇ ಮಾತು ಸಾಕು. ದಾಸೋಹದ ಮನೆಯಲ್ಲಿ ಪಂಕ್ತಿಗೆ ಕುಳಿತವನನ್ನು ನಿನ್ನ ಹಸಿವು ಯಾವ ಕರ್ಮದ ಫಲವೆಂದು ಯಾರೂ ಕೇಳುವುದಿಲ್ಲ. ಎಲೆ ಹಾಕಿ ಬಡಿಸುತ್ತಾರೆ. ನೋವಿನ ಮುಂದೆಯೂ ನಡೆ ಹಾಗೆಯೇ ಇರಬೇಕಲ್ಲವೇ? ದಯೆಯಿಲ್ಲದ ಕಡೆ ಧರ್ಮಕ್ಕೆ ನೆಲೆಯೆಲ್ಲಿ?

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ನಾಣ್ಣುಡಿಯೊಂದುಂಟು. ಇದನ್ನು ಹಿಡಿದುಕೊಂಡು, ನರಳುವವನ ಭಕ್ತಿ ಕಡಿಮೆಯೆಂದು ಅಳೆಯುವವರು ತಪ್ಪುದಾರಿ ಹಿಡಿದಿದ್ದಾರೆ. ಎಲುಬಿಗೆ ಹಬ್ಬಿದ ವ್ಯಾಧಿಯು ಭಕ್ತನನ್ನೂ ನರಳಿಸುತ್ತದೆ. ಮರಣದಲ್ಲಿ ಗುಣ ಕಾಣುವುದಾದರೆ ಮಲಗಿದವನ ಗುಣವೊಂದೇ ಕಾಣುವುದಿಲ್ಲ. ಮಂಚದ ಸುತ್ತ ನಿಂತವರ ಗುಣವೂ ಅಲ್ಲಿಯೇ ಬೆಳಕಿಗೆ ಬರುತ್ತದೆ.

ಹಾಗಿರುವಲ್ಲಿ ಗೃಹಸ್ಥನ ಕರ್ತವ್ಯವು ಸ್ಪಷ್ಟವಾಗಿದೆ. ರೋಗಿಯನ್ನು ಕೇಳಬೇಕು, ಕಂಡುದನ್ನು ವೈದ್ಯರಿಗೆ ಹೇಳಬೇಕು, "ನೋವು ಶಮನದ ಆರೈಕೆ ಇವರಿಗೆ ದೊರೆಯಬಹುದೇ?" ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಮೊದಲಾದ ಇಂಥ ಕಾರ್ಯವು ನಾಡೆಲ್ಲ ಹಬ್ಬಿದುದು, ನೆರೆಹೊರೆಯ ಸಾಮಾನ್ಯ ಜನರು ತರಬೇತಿ ಪಡೆದು ತಮ್ಮ ಬೀದಿಯ ಆರ್ತರನ್ನು ತಾವೇ ಗುರುತಿಸತೊಡಗಿದುದರಿಂದ. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯವು ಉಲ್ಬಣಿಸಿದ ಕ್ಯಾನ್ಸರುಳ್ಳವರಿಗೆ ಉಚಿತವಾಗಿ ಆರೈಕೆ ಮಾಡುತ್ತಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಂಥವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡವರು. ಮದ್ದು ಕೊಡುವ ಕಾಯಕ ವೈದ್ಯರದು. ಮದ್ದು ಬೇಕಾದವನನ್ನು ಕಾಣುವ ಕಣ್ಣು ಪ್ರತಿಯೊಬ್ಬ ಭಕ್ತನದೂ ಆಗಬೇಕು.

ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಅನಿಮಿಷವಾಗಿ ನೋಡಲು ಕಲಿತ ದೃಷ್ಟಿಯು, ಅದೇ ಏಕಾಗ್ರತೆಯಿಂದ ಮಲಗಿದವನ ಮುಖವನ್ನೂ ಒಂದು ಗಳಿಗೆ ನೋಡಲಿ. ಅಲ್ಲಿ ಕಂಡ ಆರ್ತತೆಗೆ ಕೈ ಚಾಚುವ ಮನಸ್ಸನ್ನು ಪರಶಿವನು ಸರ್ವರಿಗೂ ಕರುಣಿಸಲಿ.