ಬಸುರಿಯ ಉಪವಾಸ

ಕಳೆದ ಶುಭ ಶುಕ್ರವಾರದಲ್ಲಿ ಹೊಸ ತಿಪ್ಪಸಂದ್ರದ ನಮ್ಮ ಸಭೆಯೊಳಗೆ ಏಳು ತಿಂಗಳ ಬಸುರಿಯಾದ ಒಬ್ಬ ಸಹೋದರಿಯು ಮೂರು ತಾಸಿನ ಆರಾಧನೆಯ ನಡುವೆ ಕಣ್ಣು ಕತ್ತಲೆಗೂಡಿ ಕುಸಿದಳು. ಬೆಳಿಗ್ಗೆಯಿಂದ ನೀರನ್ನೂ ಮುಟ್ಟಿರಲಿಲ್ಲ. ಉಪವಾಸ ಬಿಟ್ಟರೆ ದೋಷವೋ ಎಂದು ಆಕೆಯು ಹಿಂದಿನ ದಿನವೇ ನಮ್ಮನ್ನು ಕೇಳಿದ್ದಳು. ನಾವು ‘ಕೈಲಾದಷ್ಟು ಮಾಡಮ್ಮಾ’ ಎಂದು ಹೇಳಿ ಸುಮ್ಮನಾದೆವು. ಅದು ಉತ್ತರವಲ್ಲ, ನಮ್ಮ ಮೈಗಳ್ಳತನ. ಆದದರಿಂದ ಆ ರಾತ್ರಿ ಸೆಮಿನರಿಯ ಹಳೆಯ ಟಿಪ್ಪಣಿಗಳನ್ನು ತೆಗೆದು, ನಮಗಿಂತ ಮೊದಲು ಉಪವಾಸದ ವಿಧಿಯನ್ನು ಹೊಂದಿದ ಯೆಹೂದ್ಯರು ಬಸುರಿಯ ವಿಷಯದಲ್ಲಿ ಏನು ನೇಮಿಸಿದ್ದಾರೆಂದು ನೋಡಿದೆವು.

ಯೆಹೂದ್ಯರು ದೂರದವರೆಂದು ನೆನಸಬೇಡಿರಿ. ನಮ್ಮ ದಂಡಿನ ಕಮರ್ಷಿಯಲ್ ಬೀದಿಯಲ್ಲಿ ರೂಬಿನ್ ಮೋಸೆಸ್ ಎಂಬ ಯೆಹೂದ್ಯರ ಪಾದರಕ್ಷೆಯ ಅಂಗಡಿಯಿತ್ತು; ಮೈಸೂರು ರಸ್ತೆಯಲ್ಲಿ 1904ರಿಂದ ಅವರ ಸ್ಮಶಾನವದೆ.

ಯಾಜಕಕಾಂಡ 16ನೆಯ ಅಧ್ಯಾಯದ ಪ್ರಕಾರ ಏಳನೆಯ ತಿಂಗಳಿನ ಹತ್ತನೆಯ ದಿನವು ದೋಷಪರಿಹಾರಕ ದಿನವು. ಸಾಯಂಕಾಲದಿಂದ ಮರುದಿನ ಕತ್ತಲಾಗುವ ತನಕ, ಸುಮಾರು 25 ತಾಸು, ಅನ್ನವೂ ಇಲ್ಲ, ನೀರೂ ಇಲ್ಲ. ಬಸುರಿಗೂ ಬಿಡುಗಡೆಯಿಲ್ಲ, ದೇವಾಲಯವು ಹಾಳಾದದ್ದನ್ನು ನೆನಸುವ ಆಬ್ ತಿಂಗಳಿನ ಒಂಬತ್ತನೆಯ ದಿನದ ಮೂಲವಿಧಿಯೂ ಹಾಗೆಯೇ. ಗೆದಲ್ಯನ ಉಪವಾಸ, ಎಸ್ತೇರಳ ಉಪವಾಸ ಮುಂತಾದ ಚಿಕ್ಕವುಗಳಲ್ಲಿ ಅವಳಿಗೆ ವಿನಾಯಿತಿ ಉಂಟು. ಇಷ್ಟನ್ನು ಓದಿದ ಕೂಡಲೇ ಕೆಲವು ಹಿರಿಯರು ‘ನೋಡಿದಿರಾ!’ ಎಂದಾರು. ಸ್ವಲ್ಪ ತಾಳಿರಿ.

ಸುಮಾರು ಕ್ರಿ. ಶ. 200ರಲ್ಲಿ ಸಂಗ್ರಹವಾದ ಮಿಷ್ನಾದಲ್ಲಿ ಒಂದು ನಿಯಮವದೆ. ಆ ಮಹಾ ದಿನದಲ್ಲಿಯೇ ಅಡಿಗೆಯ ವಾಸನೆ ಬಡಿದು ಬಸುರಿಗೆ ಬಯಕೆ ಹತ್ತಿದರೆ, ಅವಳು ಚೇತರಿಸಿಕೊಳ್ಳುವ ತನಕ ಉಣಿಸತಕ್ಕದ್ದು. (ಬಯಕೆ ಏನೆಂಬದನ್ನು ನಮ್ಮ ಅಜ್ಜಿಯರಿಗೆ ವಿವರಿಸಬೇಕಾಗಿಲ್ಲವಷ್ಟೆ.) ಉಣಿಸುವ ಕ್ರಮವನ್ನು ತಾಲ್ಮೂದು ತಿಳಿಸುತ್ತದೆ. ದಂಟಿನ ತುದಿಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಡಬೇಕು. ಸಾಲದಿದ್ದರೆ ಸಾರನ್ನೇ ಕೊಡಬೇಕು. ಅದೂ ಸಾಲದಿದ್ದರೆ ಆ ಪದಾರ್ಥವನ್ನೇ ತಿನ್ನಿಸಬೇಕು. ಇಂದು ಪರಿಹಾರದ ದಿನವೆಂದು ಅವಳ ಕಿವಿಯಲ್ಲಿ ಮೆಲ್ಲಗೆ ಉಸುರಿ ನೋಡುವದೂ ಉಂಟು. ಗದರಿಸುವದು ಎಲ್ಲಿಯೂ ಇಲ್ಲ. ತರುವಾಯದ ಶಾಸ್ತ್ರಿಗಳು, ಅಪಾಯದ ಶಂಕೆಯಿರುವವಳು ದೊಡ್ಡ ಖರ್ಜೂರಕ್ಕಿಂತ ಕಡಿಮೆಯಾದ ತುತ್ತನ್ನು ಕೆಲವು ನಿಮಿಷಗಳಿಗೊಮ್ಮೆ ತೆಗೆದುಕೊಳ್ಳಬಹುದೆಂದು ಅಳತೆ ಕಟ್ಟಿದರು. ಹೆತ್ತು ಮೂರು ದಿನಗಳ ಒಳಗಿರುವವಳು ಉಪವಾಸ ಮಾಡಲೇಕೂಡದು.

ನಮ್ಮನ್ನು ಬಹಳವಾಗಿ ಚುಚ್ಚಿದ್ದು ಇನ್ನೊಂದು. ವೈದ್ಯನು ಊಟ ಬೇಕೆಂದರೆ ರೋಗಿಯು ಬೇಡವೆಂದರೂ ಉಣಿಸಬೇಕು. ರೋಗಿಯು ಬೇಕೆಂದರೆ ವೈದ್ಯರು ಬೇಡವೆಂದರೂ ರೋಗಿಯ ಮಾತೇ ನಿಲ್ಲತಕ್ಕದ್ದು. ಅತ್ತೆಯ ಮಾತಾಗಲಿ ನೆರೆಯವರ ಮಾತಾಗಲಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾವಾದರೋ ಕೇಳಬಂದವಳಿಗೆ ಬಾಯಿ ಕೊಡಲಿಲ್ಲ. ಮತ್ತಾಯ 6ನೆಯ ಅಧ್ಯಾಯದಲ್ಲಿ ಕರ್ತನು ಉಪವಾಸವನ್ನು ಗುಟ್ಟಾಗಿ ಇಟ್ಟಿರುವಾಗ, ಸೊಸೆಯ ತಟ್ಟೆಯನ್ನು ಎಣಿಸುವ ಅಧಿಕಾರವು ಯಾರಿಗದೆ?

ಪುನರುತ್ಥಾನದ ಭಾನುವಾರ ಸಾಯಂಕಾಲ ಆ ಮನೆಗೆ ಹೋಗಿ ಇದನ್ನೆಲ್ಲಾ ಹೇಳಿ, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅತ್ತೆಯು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, ‘ನನ್ನ ಮೊದಲನೆಯ ಬಸುರಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ಅಯ್ಯನವರೇ. ಆ ಮಗು ಉಳಿಯಲಿಲ್ಲ’ ಎಂದು ಹೇಳಿ, ಎದ್ದು ಒಳಕ್ಕೆ ಹೋಗಿ ಸೊಸೆಗೆ ರಾಗಿ ಗಂಜಿಯನ್ನು ತಂದಿಟ್ಟಳು.