ಕಾಣದುದನ್ನು ಕಂಡೆವೆಂದವರು

ವಂಚನೆಯ ಉದ್ದೇಶವಿಲ್ಲದೆ ನುಡಿದ ಅಸತ್ಯಕ್ಕೆ ದೋಷವುಂಟೇ?

1937ರ ಫೆಬ್ರವರಿ 19ರಂದು ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಸಿಡ್ನಿಗೆ ಹೊರಟ ಸ್ಟಿನ್ಸನ್ ವಿಮಾನವು ಏಳು ಜನರೊಡನೆ ಕಣ್ಮರೆಯಾಯಿತು. ಸಿಡ್ನಿಯ ಸಮೀಪದಲ್ಲಿ ಅದನ್ನು ಕಂಡೆವೆಂದು ಅನೇಕರು ಹೇಳಿದರು. ಶೋಧವು ಹೆಚ್ಚಾಗಿ ಅತ್ತಲೇ ಸಾಗಿತು. ವಿಮಾನವಾದರೋ ಬ್ರಿಸ್ಬೇನಿನ ದಕ್ಷಿಣದ ಬೆಟ್ಟಸಾಲಿನ ದಟ್ಟಾರಣ್ಯದಲ್ಲಿ ಬಿದ್ದಿತ್ತು. ನಾಲ್ವರು ಅಲ್ಲಿಯೇ ಮಡಿದರು. ನೆರವು ತರಲು ಹೊರಟ ವೆಸ್ಟ್ರೇ ಎಂಬ ತರುಣನು ಜಲಪಾತದ ಬಳಿ ಬಿದ್ದು ಗಾಯಗೊಂಡು ಅಸುನೀಗಿದನು. ಕಾಲು ಮುರಿದ ಪ್ರೌಡನಿಗೆ ಬಿನ್‌ಸ್ಟೆಡ್ ತೆವಳಿ ತೆವಳಿ ನೀರು ತಂದನು. ಬೆಟ್ಟದ ನಿವಾಸಿ ಬರ್ನಾರ್ಡ್ ಓರೈಲಿ ಬಹುಜನರ ಮಾತನ್ನು ಬದಿಗಿರಿಸಿ, ವಿಮಾನದ ಮಾರ್ಗವನ್ನು ತಾನೇ ವಿಚಾರಿಸಿ, ದೂರದಲ್ಲಿ ಕಂಡ ಸುಟ್ಟ ಮರವೊಂದರ ಗುರುತು ಹಿಡಿದು ನಡೆದನು. ಫೆಬ್ರವರಿ 28ರಂದು ಅವರಿಬ್ಬರೂ ಜೀವಂತವಾಗಿ ದೊರೆತರು.

ಕಂಡೆವೆಂದವರಲ್ಲಿ ಕಪಟವಿದ್ದಿತೆನ್ನಲಾಗದು; ಆದರೂ ಊಹೆಯನ್ನು ಸಾಕ್ಷ್ಯವೆಂದು ನುಡಿದುದು ಪ್ರಮಾದವೇ ಸರಿ. ಬಾರದ ಹಣವನ್ನು ಖಾತೆಯಲ್ಲಿ ಜಮೆ ಬರೆದಂತೆ ಅದು! ಇಲ್ಲಿ ಆ ಲೆಕ್ಕಕ್ಕೆ ತೆತ್ತದ್ದು ಕಾಡಿನಲ್ಲಿದ್ದವರ ಒಂಬತ್ತು ದಿನಗಳು.